ಕಣ್ವತೀರ್ಥದ ಮರಳಲ್ಲಿ ಸಿಕ್ಕ ಬಲೆ

ಭಾನುವಾರ ಬೆಳಿಗ್ಗೆ ಗೋಣಿಚೀಲ ಹಿಡಿದು ಮಂಜೇಶ್ವರದ ಕಣ್ವತೀರ್ಥ ಬೀಚಿಗೆ ಹೋಗಿದ್ದೆ. ಮಳೆಗಾಲದಲ್ಲಿ ಹೊಳೆಗಳು ಸಮುದ್ರಕ್ಕೆ ಒಯ್ದದ್ದನ್ನು ಅಲೆ ವಾಪಸ್ ತಂದು ಹಾಕಿರುತ್ತದೆ, ಬಾಟಲಿ, ಚಪ್ಪಲಿಯೇ ಜಾಸ್ತಿ. ಮರಳಿಂದ ಇಣುಕುತ್ತಿದ್ದ ಹಸಿರು ನೈಲಾನ್ ಹಗ್ಗವನ್ನು ಸುಮ್ನೆ ಎಳೆದೆ, ಎಳೆದಷ್ಟೂ ಬಂತು, ಕೊನೆಗೆ ನೋಡಿದರೆ ದೊಡ್ಡ ಬಲೆಯ ತುಂಡು, ಅದರ ಕಣ್ಣುಗಳಲ್ಲಿ ಸಿಕ್ಕಿ ಒಣಗಿದ ಮೂರು ಏಡಿಗಳು. ಹೊಟ್ಟೆ ಉರಿಯಿತು. ಬಿಟ್ಟುಹೋದ ಬಲೆ ನೀರಲ್ಲಿ ವರ್ಷಗಟ್ಟಲೆ ಸುಮ್ಮನೆ ಜೀವ ತೆಗೆಯುತ್ತಲೇ ಇರುತ್ತದೆ, ಅಲ್ವಾ?

ಅದನ್ನು ತೊಳೆದು ಮನೆ ಹಿಂದೆ ಕಟ್ಟಿದೆ. ಈಗ ಬಸಳೆ ಹಬ್ಬುತ್ತಿದೆ.

ತಳದ ತ್ರಿಕೋನದಲ್ಲಿ 1 ಎಂದಿರುವ ಬಾಟಲಿಗಳಿಂದ ಪಾಲಿಯೆಸ್ಟರ್ ನೂಲು ಮಾಡುತ್ತಾರೆ. ಅವನ್ನು ಮರಳು ಕೊಡವಿ, ಒಣಗಿಸಿ, ಮನೆಮನೆಯಿಂದ ಪ್ಲಾಸ್ಟಿಕ್ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಅಕ್ಕಂದಿರಿಗೆ ಕೊಟ್ಟೆ. ಬರುವ ಭಾನುವಾರ ಉಪ್ಪಳ ಹೊಳೆಯ ಅಳಿವೆ ಕಡೆ ಹೋಗುತ್ತೇನೆ, ಹತ್ತಿರದವರು ಚೀಲ ತಂದರೆ ಸಾಕು.