ಮೊಣಕಾಲಿಗೆ ಏನ್ ಮಾಡ್ತೀರಮ್ಮ?

"ಬೇರೆ ಮಾತ್ರೆ ಏನಾದ್ರೂ ತಗೋತಿದ್ದಾರಾ?"

"ಇಲ್ಲ ಸಿಸ್ಟರ್. ಅಮ್ಮನ ಮಾತ್ರೆ ಎಲ್ಲಾ ನಾನೇ ನೋಡ್ಕೊಳ್ಳೋದು."

ಈ ವಾರ ಪೂರ್ತಿ ಈ ಎರಡು ಮಾತು ತಲೆಯಲ್ಲಿ ಸುತ್ತುತ್ತಲೇ ಇವೆ. ಕೇಳಿದ್ದು ಅಡ್ಮಿಷನ್ ಮಾಡಿಕೊಂಡ ಸಿಸ್ಟರ್. ಉತ್ತರ ಕೊಟ್ಟದ್ದು ಮಗ. ತಾಯಿ ಅಲ್ಲೇ ಮಂಚದ ಮೇಲೆ, ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಕೇಸ್ ಶೀಟಿನಲ್ಲಿ 'ಬೇರೆ ಔಷಧಿ: ಇಲ್ಲ' ಅಂತ ಬಿತ್ತು.

ತೊಡೆಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹಿಂದೆ ನಮ್ಮಲ್ಲೇ ಇದ್ದು ಹೋದವರು. ಆಗಿನಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಈ ಸಲ ಬಂದದ್ದು ಸುಸ್ತು, ತಲೆಸುತ್ತು ಅಂತ. ಬೆಡ್‌ಪ್ಯಾನ್ ತೆಗೆದಾಗ ಗೊತ್ತಾಯಿತು. ಡಾಂಬರಿನ ಹಾಗೆ ಕಪ್ಪಗೆ, ಅಂಟಂಟು. ಆ ವಾಸನೆ ಒಮ್ಮೆ ಮೂಗಿಗೆ ಬಡಿದವರು ಮರೆಯೋದಿಲ್ಲ. ಹೊಟ್ಟೆಯೊಳಗೆ ರಕ್ತ ಹೋಗುತ್ತಿದೆ ಅಂತ ಲ್ಯಾಬಿಗಿಂತ ಮುಂಚೆ ಮೂಗೇ ಹೇಳಿಬಿಡುತ್ತದೆ.

ವಾರ್ಫರಿನ್ ಜಾಸ್ತಿಯಾಗಿರಬೇಕು ಅಂತ ಎಲ್ಲರಿಗೂ ಅನಿಸಿತು. ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯುವ ಐಎನ್‌ಆರ್ ಪರೀಕ್ಷೆಯ ರಿಪೋರ್ಟ್ ಬಂತು. 2.6. ಇಂಥವರಿಗೆ ಅದು 2ರಿಂದ 3ರ ನಡುವೆ ಇರಬೇಕು, ಅಂದರೆ ಸರಿಯಾಗಿಯೇ ಇದೆ. ಮಗ ಫೋನು ತೆಗೆದು ಹಳೆಯ ಲೆಕ್ಕವೆಲ್ಲ ತೋರಿಸಿದ. ದಿನಾಂಕ, ಡೋಸು, ಐಎನ್‌ಆರ್, ಎಲ್ಲಾ ಸಾಲಾಗಿ. ರಾತ್ರಿ ಮಾತ್ರೆಗೆ ಅಲಾರಾಂ ಬೇರೆ. ಸೊಪ್ಪು ದಿನಾ ಹೆಚ್ಚುಕಡಿಮೆ ಒಂದೇ ಅಳತೆ, ಯಾಕೆಂದರೆ ಅದರಲ್ಲಿರುವ ವಿಟಮಿನ್ ಕೆ ಏರುಪೇರಾದರೆ ಐಎನ್‌ಆರ್ ಕೂಡ ಏರುಪೇರಾಗುತ್ತದೆ. ಒಳ್ಳೆಯ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಮ್ಮನಿಗೆ ಕೇಳಿದ ಪ್ರಶ್ನೆಗೆಲ್ಲ ತಾನೇ ಉತ್ತರ ಹೇಳುವ ಚಟ. "ರಾತ್ರಿ ನಿದ್ದೆ ಬಂತಾ ಅಮ್ಮ?" ಅಂದರೂ "ಹೂಂ, ಚೆನ್ನಾಗಿ ಮಲಗಿದ್ರು" ಅಂತ ಅವನೇ.

ವಾರ್ಫರಿನ್ ಮೊದಲು ಇಲಿ ಪಾಷಾಣವಾಗಿತ್ತು ಅಂತ ಎಲ್ಲೋ ಓದಿ ಹೆದರಿದ್ದ ಕೂಡ. ಸುಳ್ಳೇನಲ್ಲ. 1948ರಲ್ಲಿ ಇಲಿ ಕೊಲ್ಲಲು ಮಾರಾಟಕ್ಕೆ ಬಂದದ್ದು, 1954ರಲ್ಲಿ ಮನುಷ್ಯರಿಗೆ ಔಷಧಿಯಾಯಿತು. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೂ ಅದನ್ನೇ ಕೊಟ್ಟರು. ನಾನು ಇದನ್ನು ಹೇಳಿದ ಮೇಲೆ ಅವನಿಗೆ ಸ್ವಲ್ಪ ಸಮಾಧಾನ.

ಡಾಕ್ಟರು ವಾರ್ಫರಿನ್ ನಿಲ್ಲಿಸಿದರು. ರಕ್ತ ಏರಿಸಿದೆವು. ಎಂಡೋಸ್ಕೋಪಿಯಲ್ಲಿ ಹೊಟ್ಟೆಹುಣ್ಣು ಕಾಣಿಸಿತು. ಅದು ಯಾಕಾಯಿತು ಅನ್ನೋದು ಮಾತ್ರ ತಿಳಿಯಲಿಲ್ಲ.

ನಮ್ಮ ವಾರ್ಡಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳಿದ್ದಾಳೆ. ಮಾತು ಜಾಸ್ತಿ ಅಂತ ಇನ್‌ಚಾರ್ಜ್ ಬೈಯುತ್ತಲೇ ಇರುತ್ತಾರೆ. ಅವತ್ತು ರಕ್ತ ತೆಗೆದು, ಹತ್ತಿ ಒತ್ತಿ ಹಿಡಿದುಕೊಂಡು ನಿಂತಿದ್ದಳು. ಇಂಥ ಮಾತ್ರೆ ತಗೊಳ್ಳುವವರಿಗೆ ಐದು ನಿಮಿಷವಾದರೂ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಚರ್ಮದ ಕೆಳಗೆ ರಕ್ತ ಇಳಿದು ತೋಳೆಲ್ಲ ನೀಲಿ. ನಮ್ಮಲ್ಲಿ ಎಷ್ಟೋ ಜನ "ನೀವೇ ಒತ್ಕೊಳ್ಳಿ" ಅಂತ ಮುಂದಿನ ಬೆಡ್‌ಗೆ ಹೋಗಿಬಿಡುತ್ತಾರೆ. ಇವಳು ಹೋಗಲಿಲ್ಲ. ಸುಮ್ನೆ ನಿಲ್ಲೋಕೂ ಆಗದೆ ಕೇಳಿದಳು:

"ಕಾಲು ಮಡಚೋಕೆ ಕಷ್ಟ ಪಡ್ತೀರಲ್ಲ, ಮೊಣಕಾಲಿಗೆ ಏನ್ ಮಾಡ್ತೀರಮ್ಮ?"

"ಏನ್ ಮಾಡೋದು ತಾಯಿ, ನೋವು ಜಾಸ್ತಿ ಆದ್ರೆ ಒಂದು ನುಂಗ್ತೀನಿ."

ಮಗ ಆಗ ಊಟಕ್ಕೆ ಹೋಗಿದ್ದ. ಅಮ್ಮ ದಿಂಬಿನ ಕೆಳಗಿಂದ ಪರ್ಸ್ ತೆಗೆದರು. ಅದರೊಳಗೆ ಚಿಲ್ಲರೆಯ ಜೊತೆ ನಾಲ್ಕಾಗಿ ಮಡಚಿದ ಡೈಕ್ಲೋಫೆನಾಕ್ ಸ್ಟ್ರಿಪ್. ಮುಕ್ಕಾಲು ಖಾಲಿ. ಹೆಸರು ಬರೆದಿದ್ದ ಬದಿಯ ಹಾಳೆ ಉಜ್ಜಿ ಉಜ್ಜಿ ಸವೆದಿತ್ತು.

ಇಂಥ ನೋವಿನ ಮಾತ್ರೆ ಹೊಟ್ಟೆಯ ಒಳಪದರವನ್ನು ಕೆಡಿಸುತ್ತದೆ, ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್‌ಗಳ ಕೆಲಸಕ್ಕೂ ಅಡ್ಡ ಬರುತ್ತದೆ. ಇವೆರಡೂ ಐಎನ್‌ಆರ್‌ನಲ್ಲಿ ಕಾಣೋದಿಲ್ಲ. ಅದಕ್ಕೇ 2.6 ಅಂತ ನೋಡಿ ಎಲ್ಲರೂ ತಲೆ ಕೆರೆದುಕೊಂಡದ್ದು.

ಮಗ ವಾಪಸ್ ಬಂದು ಕೂಗಾಡಿದ. "ಬೇರೆ ಮಾತ್ರೆ ಇಲ್ಲ ಅಂದಿದ್ಯಲ್ಲಮ್ಮ!"

"ನಾನೆಲ್ಲಿ ಅಂದೆ? ನೀನೇ ಅಂದಿದ್ದು. ಅದೂ ಅಲ್ಲದೆ, ಇದು ಮಂಡಿಗಲ್ವಾ?"

ನನಗೆ ನಗು ಬಂತು, ಆದರೆ ಅವರ ಲೆಕ್ಕ ಸರಿಯಾಗಿಯೇ ಇದೆ. ಡಾಕ್ಟರು ಬರೆದುಕೊಟ್ಟದ್ದು ಔಷಧಿ. ತಾನೇ ಅಂಗಡಿಯಲ್ಲಿ ಕೇಳಿ ತಂದದ್ದು, ಪಕ್ಕದ ಮನೆಯವರು ಕೊಟ್ಟದ್ದು, ನೆಗಡಿಗೆ ನುಂಗಿದ್ದು, ಇವೆಲ್ಲ ಔಷಧಿಯ ಪಟ್ಟಿಗೆ ಸೇರೋದೇ ಇಲ್ಲ. ಎಷ್ಟು ಜನ ಹೀಗೆ ಯೋಚಿಸುತ್ತಾರೆ ಅಂತ ಗೊತ್ತಿದ್ದೂ ನಮ್ಮ ಫಾರಂ ಮಾತ್ರ ಅದೇ ಒಂದು ಪ್ರಶ್ನೆ ಕೇಳುತ್ತದೆ. ಉತ್ತರ ಯಾರು ಹೇಳಿದರು ಅಂತ ಬರೆಯೋಕೂ ಜಾಗವಿಲ್ಲ. ಮೆದು ಬ್ರಷ್ಷು ಬಳಸಿ, ಬೀಳಬೇಡಿ, ತಲೆಗೆ ಪೆಟ್ಟಾದರೆ ತಕ್ಷಣ ಬನ್ನಿ ಅಂತ ಡಿಸ್ಚಾರ್ಜ್ ದಿನ ಒಂದೇ ಉಸಿರಿಗೆ ಹೇಳುತ್ತೇವೆ. ಅದನ್ನೂ ಬಹಳ ಸಲ ಬಿಲ್ ಕಟ್ಟೋಕೆ ಓಡಾಡುತ್ತಿರುವ ಮಕ್ಕಳಿಗೇ ಹೇಳೋದು. ಮಾತ್ರೆ ನುಂಗುವವರು ಗಾಲಿಕುರ್ಚಿಯಲ್ಲಿ ಕೂತು ಬಾಗಿಲ ಕಡೆ ನೋಡುತ್ತಿರುತ್ತಾರೆ.

ಫಾರಂ ಬದಲಾಯಿಸಿ ಅಂತ ಇನ್‌ಚಾರ್ಜ್‌ಗೆ ಬರೆದು ಕೊಟ್ಟಿದ್ದೇನೆ. ಮೇಲಿನಿಂದ ಬರಬೇಕು ಅಂದರು. ಸರಿ, ಬರಲಿ. ಅಲ್ಲೀವರೆಗೆ ನಮ್ಮ ಶಿಫ್ಟಿನವರು ತಲೆನೋವಿಗೆ, ಸೊಂಟಕ್ಕೆ, ಮಂಡಿಗೆ ಏನು ತಗೋತೀರಿ ಅಂತ ಬೇರೆ ಬೇರೆಯಾಗಿ, ರೋಗಿಯ ಮುಖ ನೋಡಿಯೇ ಕೇಳುತ್ತಿದ್ದೇವೆ. ಅಮ್ಮನಿಗೆ ಮಾತ್ರ ನಮ್ಮ ಮೇಲೆ ಕೋಪ. ಸ್ಟ್ರಿಪ್ ಕಿತ್ತುಕೊಂಡಿರಿ, ಮಂಡಿ ನೋವಿಗೆ ಈಗ ಏನು ಕೊಡ್ತೀರಿ ಅಂತ ದಿನಾ ಕೇಳುತ್ತಾರೆ. ಪ್ಯಾರಸಿಟಮಾಲ್ ಬರೆದಿದ್ದಾರೆ, ಅದೂ ಅಳತೆಯಲ್ಲಿ. ಫಿಸಿಯೋಥೆರಪಿಯವರು ನಾಳೆ ಬರುತ್ತಾರಂತೆ.