ಮರಿನೂ ಹಾಕ್ಲಾ ಸಾರ್?

"ಮರಿನೂ ಹಾಕ್ಲಾ ಸಾರ್, ಬಿಸಾಕ್ಲಾ?"

ಭಾನುವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ.

ಮಗಳು ಬಾಣಂತಿ. ಹಾಲು ಸಾಲುತ್ತಿಲ್ಲ ಎಂದು ನನ್ನ ಹೆಂಡತಿ ಶಾರ್ಕ್ ಮೀನು ತರಲು ಕಳಿಸಿದ್ದಳು. ಬೇಯಿಸಿ, ಉದುರಿಸಿ, ಬೆಳ್ಳುಳ್ಳಿ ಜಾಸ್ತಿ ಹಾಕಿ ಹುರಿದು ಕೊಟ್ಟರೆ ಹಾಲು ಇಳಿಯುತ್ತದೆ ಅಂತ ಅವಳ ತಾಯಿ ಹೇಳುತ್ತಿದ್ದರಂತೆ. ಅವಳ ಆತಂಕ ನೋಡಿ ನಾನು ಎದುರಾಡಲಿಲ್ಲ. ಮೈಸೂರಿನಲ್ಲಿ ನಾನು ಯಾವಾಗಲೂ ಹೋಗುವ ಅಂಗಡಿಯ ಹುಡುಗ, ಮಂಗಳೂರಿಂದ ಬಂದ ಐಸ್ ಪೆಟ್ಟಿಗೆಗೆ ಕೈ ಹಾಕಿ ಒಂದನ್ನು ಎತ್ತಿ ಹಲಗೆ ಮೇಲಿಟ್ಟ. ಎರಡಡಿಗಿಂತ ಕಡಿಮೆ. ಚಪ್ಪಟೆ ಮೂತಿ. ನೋಡಿದ ಕೂಡಲೇ ಗುರುತು ಸಿಕ್ಕಿತು. ಸ್ಕೋಲಿಯೋಡಾನ್ ಅನ್ನುವ ಪುಟ್ಟ ಶಾರ್ಕ್.

ಪ್ರಾಣಿಶಾಸ್ತ್ರ ಓದಿದವರಿಗೆ ಈ ಹೆಸರು ಹೇಳಿದರೆ ಸಾಕು, ಸತ್ತ ಪ್ರಾಣಿಗಳನ್ನು ಕೆಡದಂತೆ ಇಡುವ ಫಾರ್ಮಲಿನ್ ವಾಸನೆ ಮೂಗಿಗೆ ಬರುತ್ತದೆ. ಮಂಡ್ಯದ ಒಂದು ಕಾಲೇಜಿನಲ್ಲಿ 28 ವರ್ಷ ನಾನು ಪಾಠ ಮಾಡಿದ್ದು ಇದನ್ನೇ. ಸಮುದ್ರವನ್ನೇ ಕಾಣದ ಮಕ್ಕಳು, ಕಬ್ಬಿನ ಗದ್ದೆಯಿಂದ ಎದ್ದು ಬಂದವರು, ಮೇಣದ ತಟ್ಟೆಯಲ್ಲಿ ಶಾರ್ಕ್ ಇಟ್ಟುಕೊಂಡು ತಲೆಯ ನರಗಳನ್ನು ಬಿಡಿಸುತ್ತಿದ್ದರು. ಐದನೇದು, ಏಳನೇದು, ಒಂಬತ್ತನೇದು, ಹತ್ತನೇದು. ಪರೀಕ್ಷೆಗೆ ಆ ನಾಲ್ಕು ನರ ಮುಖ್ಯ. ವರ್ಷಕ್ಕೆ ಮೂವತ್ತು ಎಂದು ಹಿಡಿದರೂ 840 ಶಾರ್ಕ್ ನನ್ನ ಕಣ್ಣ ಮುಂದೆ ಹೋಗಿವೆ.

ಅಂಗಡಿಯ ಹುಡುಗ ಹೊಟ್ಟೆ ಸೀಳಿದ. ಅವನ ಕೈ ನೋಡಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ಅಷ್ಟು ಹದವಾದ ಕೈ ಇರಲಿಲ್ಲ. ಒಳಗಿಂದ ಮರಿಗಳು ಜಾರಿದವು. ಆರು. ಒಂದೊಂದೂ ನನ್ನ ಬೆರಳುದ್ದ. ಕಣ್ಣು, ರೆಕ್ಕೆ, ಬಾಲ ಎಲ್ಲಾ ತಯಾರಾಗಿತ್ತು. ಎದೆಯ ಹತ್ತಿರದಿಂದ ಒಂದೊಂದಕ್ಕೂ ಹೊಕ್ಕುಳ ಬಳ್ಳಿ. ಬಳ್ಳಿಯ ಸುತ್ತ ನೂಲಿನಂಥ ಎಳೆಗಳು. ತಾಯಿಯ ಗರ್ಭಕ್ಕೆ ಇನ್ನೂ ಅಂಟಿಕೊಂಡೇ ಇದ್ದವು.

ಆಗಲೇ ಅವನು ಕೇಳಿದ್ದು, "ಮರಿನೂ ಹಾಕ್ಲಾ ಸಾರ್, ಬಿಸಾಕ್ಲಾ? ಮರಿಗೆ ದುಡ್ಡಿಲ್ಲ."

ಅವನದೇನೂ ತಪ್ಪಿಲ್ಲ. ಒಳ್ಳೆಯ ಹುಡುಗ, ತೂಕದಲ್ಲಿ ಯಾವತ್ತೂ ಮೋಸ ಮಾಡಿದವನಲ್ಲ. ಈ ಮೀನು ಮಾರಬಾರದು ಅಂತ ಕಾನೂನೂ ಇಲ್ಲ. 2001ರಲ್ಲಿ ತಿಮಿಂಗಿಲ ಶಾರ್ಕ್‌ಗೆ, ಆಮೇಲೆ ಇನ್ನು ಕೆಲವು ಜಾತಿಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಸಿಕ್ಕಿತು. ಈ ಪುಟ್ಟ ಶಾರ್ಕ್ ಆ ಪಟ್ಟಿಯಲ್ಲಿಲ್ಲ. ನನಗೆ ಮಾತ್ರ ಬಾಯಿ ಕಟ್ಟಿಹೋಯಿತು. ಆ ಬಳ್ಳಿಯ ಚಿತ್ರವನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೆ! ಬಾಣ ಎಳೆದು ಹೆಸರು ಬರೆಸಿದ್ದೇನೆ. ಇದು ಒಬ್ಬ ತಾಯಿ ಎಂದು ಒಂದು ತರಗತಿಗೂ ಹೇಳಲಿಲ್ಲ.

ಮನೆಗೆ ಬಂದು ಅಳಿಯನ ಹತ್ತಿರ ಹೇಳಿದೆ. ಬೆಂಗಳೂರಿನ ಕೆಲಸ, ಒಳ್ಳೆಯವನು, ಆದರೆ ಎದುರಿನವರು ಮಾತು ಮುಗಿಸುವ ಮೊದಲೇ ಉತ್ತರ ಕೊಡುತ್ತಾನೆ. "ಮಾವ, ಶಾರ್ಕ್ ಅಂದ್ರೆ ಮನುಷ್ಯರನ್ನ ತಿನ್ನೋದು. ಕಡಿಮೆ ಆದ್ರೆ ಒಳ್ಳೇದೇ ಅಲ್ವಾ?" ಅಂದ.

ಒಳ್ಳೇದಲ್ಲ ಕಣಪ್ಪ. ಗಿಡಮರಗಳು ಕಾಡಾಗುವ ಮೊದಲೇ ಸಮುದ್ರದಲ್ಲಿ ಇವುಗಳ ಪೂರ್ವಜರು ಈಜುತ್ತಿದ್ದರು. ಡೈನೋಸಾರ್ ಬಂದು ಹೋದವು, ಇವು ಉಳಿದವು. ಈಗ ನೋಡಿದರೆ, ತೆರೆದ ಸಮುದ್ರದ ಶಾರ್ಕ್ ಮತ್ತು ಅವುಗಳ ಹತ್ತಿರದ ಸಂಬಂಧಿಗಳಾದ ಚಪ್ಪಟೆ ತೊರಕೆ ಮೀನುಗಳು 1970ರಿಂದೀಚೆಗೆ ನೂರಕ್ಕೆ 71ರಷ್ಟು ಕಡಿಮೆಯಾಗಿವೆ ಎಂದು 2021ರ ಅಧ್ಯಯನ ಹೇಳುತ್ತದೆ. ಮುಖ್ಯ ಕಾರಣ ಮಿತಿಮೀರಿ ಹಿಡಿಯುವುದು. ಬೇರೆ ಎಷ್ಟೋ ಮೀನುಗಳು ಲಕ್ಷಗಟ್ಟಲೆ ಮೊಟ್ಟೆ ಇಡುತ್ತವೆ. ಶಾರ್ಕ್ ಹಾಗಲ್ಲ. ಬಹಳಷ್ಟು ಜಾತಿಗಳು ನಿಧಾನ ಬೆಳೆಯುತ್ತವೆ, ಕೆಲವೇ ಮರಿ ಹಾಕುತ್ತವೆ. ಹೋದದ್ದು ಬೇಗ ತುಂಬಿಕೊಳ್ಳುವುದಿಲ್ಲ.

ಆಸ್ಟ್ರೇಲಿಯಾದ ರಾಡ್ನಿ ಫಾಕ್ಸ್‌ನನ್ನು 1963ರಲ್ಲಿ ದೊಡ್ಡ ಬಿಳಿ ಶಾರ್ಕ್ ಕಚ್ಚಿತು. 462 ಹೊಲಿಗೆ ಬಿತ್ತು. ಅದನ್ನು ದ್ವೇಷಿಸುವ ಹಕ್ಕು ಅವನಿಗಿಂತ ಇನ್ಯಾರಿಗಿತ್ತು? ಆದರೆ ಅವನು ಪಂಜರದಲ್ಲಿ ಕೂತು ನೀರಿಗೆ ಇಳಿದ. ಶಾರ್ಕ್ ಎಂಥದ್ದು ಅಂತ ಜನರಿಗೆ ತೋರಿಸುವುದರಲ್ಲೇ, ಅದನ್ನು ಉಳಿಸಿ ಅನ್ನುವುದರಲ್ಲೇ ಬದುಕು ಕಳೆದ. ಅಮೆರಿಕದ ಮೀನು ವಿಜ್ಞಾನಿ ಯೂಜಿನಿ ಕ್ಲಾರ್ಕ್ 1955ರಲ್ಲಿ ಫ್ಲೋರಿಡಾದ ಒಂದು ಸಣ್ಣ ಮರದ ಕಟ್ಟಡದಲ್ಲಿ ಪ್ರಯೋಗಾಲಯ ಶುರು ಮಾಡಿದರು. ಮೂತಿಯಿಂದ ಹಲಗೆ ಒತ್ತಿದರೆ ಊಟ ಸಿಗುತ್ತದೆ ಅಂತ ಶಾರ್ಕ್‌ಗಳಿಗೆ ಕಲಿಸಿದರು. ಅವು ಕಲಿತವು, ನೆನಪಿಟ್ಟುಕೊಂಡವು. 2015ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಮೀನುಗಳದೇ ಧ್ಯಾನ. ನಮ್ಮ ದೇಶದಲ್ಲೂ 1928ರಲ್ಲೇ ಲಕ್ನೋದಲ್ಲಿ ಪಾಠ ಮಾಡುತ್ತಿದ್ದ ತಿಲ್ಲೈಯಂಪಲಂ ಎಂಬ ಮಹಿಳೆ ಸ್ಕೋಲಿಯೋಡಾನ್ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದರು. ನಾವೆಲ್ಲ ಓದಿದ್ದು ಅದರ ನೆರಳಿನಲ್ಲೇ.

ಇವರೆಲ್ಲರದೂ ಶಾರ್ಕ್ ಜೊತೆಗಿನ ಬದುಕು, ನನ್ನದೂ ಅದೇ. ನಾನು ಮಾತ್ರ ತಟ್ಟೆಯಿಂದ ಆಚೆ ನೋಡಲಿಲ್ಲ. 2014ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕಾಲೇಜುಗಳಲ್ಲಿ ಪ್ರಾಣಿ ಕೊಯ್ಯುವುದನ್ನು ನಿಲ್ಲಿಸಿದಾಗ, ಮಕ್ಕಳು ಇನ್ನು ಏನು ಕಲಿಯುತ್ತಾರೆ ಎಂದು ಬೇಜಾರು ಮಾಡಿಕೊಂಡವರಲ್ಲಿ ನಾನೂ ಒಬ್ಬ. ಈಗ ಹಾಗೆ ಅನ್ನಿಸುವುದಿಲ್ಲ.

ಅಂಗಡಿಯಲ್ಲಿ ಏನು ಹೇಳಿದೆ ಅಂತ ಹೇಳಲಿಲ್ಲ ಅಲ್ವಾ? "ಬೇರೆ ಕವರ್‌ನಲ್ಲಿ ಹಾಕು" ಅಂದೆ. ಮರಿಗಳನ್ನು ಹಿತ್ತಲ ಕರಿಬೇವಿನ ಗಿಡದ ಬುಡದಲ್ಲಿ ಹೂತೆ. ತಾಯಿ ಅಡುಗೆಮನೆಗೆ ಹೋಯಿತು. ಮಗಳು ಉಂಡಳು. ನನಗೆ ಸೇರಲಿಲ್ಲ.

ಬುಧವಾರ ಮದ್ದೂರಿನಲ್ಲಿ ಪಿಯುಸಿಗೆ ಪಾಠ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಗೆ ಫೋನ್ ಮಾಡಿ, ನಿನ್ನ ತರಗತಿಯಲ್ಲಿ ನನಗೆ ಒಂದು ಗಂಟೆ ಕೊಡಮ್ಮ ಎಂದೆ.

"ಸ್ಕೋಲಿಯೋಡಾನ್ ಈಗ ಪುಸ್ತಕದಲ್ಲಿ ಬರೀ ಉದಾಹರಣೆಗೆ ಬರುತ್ತೆ ಸಾರ್, ನರ ಎಲ್ಲಾ ಇಲ್ಲ" ಅಂದಳು.

ನರ ಬೇಡ, ಹೊಕ್ಕುಳ ಬಳ್ಳಿಯಿಂದ ಶುರು ಮಾಡುತ್ತೇನೆ ಅಂದೆ. ಶನಿವಾರ ಬೆಳಗ್ಗೆ ಬನ್ನಿ ಅಂದಿದ್ದಾಳೆ.