ಅಲ್ಲೇ ಯಾಕ ಉಳಿಲಿಲ್ಲ?

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಪರಿಚಯದವರು ಯಾರೇ ಸಿಕ್ಕರೂ ಇದೇ ಮಾತು. "ಜರ್ಮನಿಗಿ ಹೋಗಿದ್ದಿ ಅಲ್ಲವ್ವ, ಅಲ್ಲೇ ಯಾಕ ಉಳಿಲಿಲ್ಲ?" ಕಾಕಾ ಕೇಳಿದರು, ಅವ್ವನ ಗೆಳತಿಯರು ಕೇಳಿದರು. ಕೇಳುವವರ ಮುಖದಲ್ಲಿ ನಿಜವಾದ ಕಾಳಜಿ ಇರುತ್ತದೆ. ಅದಕ್ಕೇ ಸರಿಯಾಗಿ ಉತ್ತರ ಹೇಳಬೇಕು ಅನ್ನಿಸಿತು.

ನಾನು ಹೋಗಿದ್ದು ಎಕ್ಸ್‌ಚೇಂಜ್ ಮೇಲೆ. ಇಲ್ಲಿ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಾ, ಒಂದು ಸೆಮಿಸ್ಟರ್ ಮಾತ್ರ ಬವೇರಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಕಲಿತು ಬಂದೆ. ನನ್ನ ಸೀಟು ಇಲ್ಲೇ ಇತ್ತು, ಫೀ ಇಲ್ಲೇ ಕಟ್ಟಿದ್ದೆ. ಅಲ್ಲಿ ಪಾಠದ ಫೀ ಇರಲಿಲ್ಲ. ವೀಸಾ ಕೂಡ ಅಷ್ಟೇ ತಿಂಗಳಿಗೆ. 2025ರ ಏಪ್ರಿಲ್‌ನಲ್ಲಿ ಪಾಠ ಶುರು, ಜುಲೈಗೆ ಮುಗಿತು. ಹೋಗಿ ಬರೋದೇ ಆ ಏರ್ಪಾಡು.

ಹೋಗಬೇಕು ಅನ್ನುವ ತಂಗಿ, ತಮ್ಮಂದಿರಿಗೆ ಎರಡು ಮಾತು. ಫೀ ಇಲ್ಲ ಅಂದರೆ ಖರ್ಚಿಲ್ಲ ಅಂತಲ್ಲ. ಇರೋದಕ್ಕೆ, ಊಟಕ್ಕೆ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ದುಡ್ಡು ಅಥವಾ ಸ್ಕಾಲರ್‌ಶಿಪ್ ಇದೆ ಅಂತ ವೀಸಾಗೆ ತೋರಿಸಬೇಕಿತ್ತು. ಕಾಗದಪತ್ರದ ತೊಡಕೂ ಇತ್ತು. ನನ್ನ ಜನನ ಪ್ರಮಾಣಪತ್ರದಲ್ಲಿ ಊರು ಗುಲ್ಬರ್ಗಾ, ಪಾಸ್‌ಪೋರ್ಟ್‌ನಲ್ಲಿ ಕಲಬುರಗಿ. 2014ರ ನವೆಂಬರ್ 1ಕ್ಕೆ ಹೆಸರು ಬದಲಾಯಿತು, ಎರಡೂ ಒಂದೇ ಊರು ಅಂತ ಒಂದು ಪತ್ರ ಬರೆದು ಜೊತೆಗೆ ಇಟ್ಟೆ.

ಕ್ರೆಡಿಟ್ ವಿಷಯದಲ್ಲಿ ಮಾತ್ರ ನೊಂದೆ. ಅಲ್ಲಿ ಒಂದು ಸೆಮಿಸ್ಟರ್‌ಗೆ 30 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 30 ಗಂಟೆ ಕೆಲಸ, ಮನೆಯಲ್ಲಿ ಓದಿದ್ದೂ ಸೇರಿ. ನಮ್ಮ ಲೆಕ್ಕವೇ ಬೇರೆ. ಅದಕ್ಕೆ ಹೋಗೋ ಮೊದಲೇ ಯಾವ ಪೇಪರ್‌ಗೆ ಯಾವುದು ಸಮ ಅಂತ ಲರ್ನಿಂಗ್ ಅಗ್ರಿಮೆಂಟ್‌ನಲ್ಲಿ ಬರೆದು ಎರಡೂ ಕಡೆ ಸಹಿ ಮಾಡಿಸಬೇಕು. ಅಲ್ಲಿಗೆ ಹೋದಮೇಲೆ ನಾನು ಒಂದು ಪೇಪರ್ ಬದಲಿಸಿದೆ, ಹೊಸ ಸಹಿ ಮಾಡಿಸಲಿಲ್ಲ. ಪಾಸಾದರೂ ಅದು ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಅದರ ಜಾಗದಲ್ಲಿ ಇಲ್ಲಿನ ಪೇಪರನ್ನು ಬಂದಮೇಲೆ ಬರೆಯಬೇಕಾಯಿತು. ನೀವು ಹಾಗೆ ಮಾಡಬೇಡಿ.

ಆದರೆ ವೀಸಾ ಮುಗಿತು ಅನ್ನೋದು ಅರ್ಧ ಉತ್ತರ. ಉಳಿದ ಅರ್ಧ ಒಂದು ಕಲ್ಲಿನದು.

ಹೋಗುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಜೊತೆಗೆ ಒಂದು ಕಲ್ಲಿನ ಚೂರು ಇಟ್ಟುಕೊಂಡಿದ್ದೆ. ನಮ್ಮ ಅಡುಗೆಮನೆ ನೆಲಕ್ಕೆ ಹಾಸಿ ಮಿಕ್ಕಿದ ಶಹಾಬಾದ್ ಪರಸಿ. ಅಲ್ಲಿನ ಲ್ಯಾಬ್‌ನಲ್ಲಿ ಅದರದೇ ಥಿನ್ ಸೆಕ್ಷನ್ ಮಾಡಿದೆ. ಕಲ್ಲನ್ನು ತೆಳ್ಳಗೆ ಕೊಯ್ದು ಗಾಜಿಗೆ ಅಂಟಿಸಬೇಕು. ಆಮೇಲೆ ಕಾರ್ಬೊರಂಡಮ್ ಪುಡಿಗೆ ನೀರು ಹಾಕಿ, ಕೈಯಿಂದ ಗುಂಡಗೆ ತಿಕ್ಕುತ್ತಾ 0.03 ಮಿಲಿಮೀಟರ್‌ಗೆ ಇಳಿಸಬೇಕು. ಮೊದಲನೆಯದು ಜಾಸ್ತಿ ತಿಕ್ಕಿ ಮಾಯವೇ ಆಯಿತು. ಎರಡನೆಯದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಇಷ್ಟು ದಿನ ಕಾಲಿಟ್ಟು ನಡೆದ ಬೂದು ಕಲ್ಲಿನೊಳಗಿಂದ ಬೆಳಕು ಬರುತ್ತಿತ್ತು! ಕಣ್ಣಿಗೆ ಹರಳೂ ಕಾಣದಷ್ಟು ನುಣ್ಣನೆಯ ಸುಣ್ಣದ ಕೆಸರು. ನಡುವೆ ಕೂದಲೆಳೆಯಂಥ ಒಂದು ಗೆರೆ, ತಿಳಿ ಗುಲಾಬಿ, ತಿಳಿ ಹಸಿರು. ಚಿಪ್ಪಿನ ಒಂದು ಚೂರೂ ಇಲ್ಲ. ಚಿಪ್ಪಿರುವ ಪ್ರಾಣಿಗಳು ಹುಟ್ಟುವುದಕ್ಕೂ ಮೊದಲಿನ ಕಲ್ಲು ಇದು ಅಂತ ಹೆಚ್ಚಿನ ಭೂವಿಜ್ಞಾನಿಗಳ ಅಭಿಪ್ರಾಯ.

ಜೂನ್‌ನಲ್ಲಿ ನಮ್ಮನ್ನು ಬವೇರಿಯಾದಲ್ಲೇ ಇರುವ ಸೋಲ್ನ್‌ಹೋಫೆನ್ ಅನ್ನುವ ಊರಿನ ಕಡೆಗೆ ಕರೆದುಕೊಂಡು ಹೋದರು. ಅಲ್ಲಿಯದೂ ಸುಣ್ಣದ ಕಲ್ಲೇ. ಅದೂ ನಮ್ಮ ಪರಸಿಯ ಹಾಗೆ ಪದರ ಪದರವಾಗಿ ಬಿಡುತ್ತದೆ, ಅದನ್ನೂ ಮನೆ ನೆಲಕ್ಕೆ ಹಾಸುತ್ತಾರೆ. ಕಲ್ಲಚ್ಚಿನ ಮುದ್ರಣ ಹುಟ್ಟಿದ್ದು ಈ ಕಲ್ಲಿನ ಮೇಲೆ. ಹಕ್ಕಿಯ ಪುಕ್ಕ, ಹಲ್ಲಿಯ ಬಾಲ ಎರಡೂ ಇದ್ದ ಆರ್ಕಿಯಾಪ್ಟೆರಿಕ್ಸ್ ಅನ್ನುವ ಪ್ರಾಣಿಯ ಪಳೆಯುಳಿಕೆ 1861ರಲ್ಲಿ ಸಿಕ್ಕಿದ್ದು ಇದರೊಳಗೆ. ಸುಮಾರು 15 ಕೋಟಿ ವರ್ಷದ ಕಲ್ಲು. ಸಣ್ಣ ಮಕ್ಕಳು ಉಳಿ, ಸುತ್ತಿಗೆ ಬಾಡಿಗೆಗೆ ತಗೊಂಡು ಒಂದೊಂದೇ ಪದರ ಬಿಡಿಸಿ ನೋಡುತ್ತಿದ್ದರು. ನಾನು ಅಲ್ಲಿ ನಿಂತು ಚಿತ್ತಾಪುರ, ಸೇಡಂ ಕಡೆಯ ಖಣಿಗಳನ್ನು ನೆನೆಸಿಕೊಂಡೆ. ನಮ್ಮ ಕಲ್ಲು ಇದಕ್ಕಿಂತ ಎಷ್ಟೋ ಹಳೆಯದು. ನಮ್ಮೂರ ಮಕ್ಕಳಿಗೆ ಅದನ್ನು ಯಾರಾದರೂ ತೋರಿಸಿದ್ದಾರಾ? ನನಗಂತೂ ತೋರಿಸಿರಲಿಲ್ಲ. ವಾಪಸ್ ಹೋಗಬೇಕು ಅನ್ನೋದು ಅಲ್ಲೇ ಗಟ್ಟಿಯಾಯಿತು.

ಬಂದಮೇಲೆ ಆ ಗಾಜಿನ ತುಂಡನ್ನು ಕಾಕಾನ ಕೈಗೆ ಕೊಟ್ಟೆ. ಕಿಟಕಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನಮ್ಮ ಅಡಗಿಮನಿ ಪರಸಿ ಏನವ್ವ?"

"ಹೌದು ಕಾಕಾ."

"ನಮ್ಮ ಗೆಳೆಯಂದು ಒಂದು ಹಳೇ ಖಣಿ ಅದ. ನಾಳೆ ಬರ್ತಿಯೇನು?"

ಬೆಳಿಗ್ಗೆ ಬಿಸಿಲೇರುವ ಮೊದಲೇ ಬೈಕಿನಲ್ಲಿ ಹೊರಟೆವು. ಪ್ರಾಜೆಕ್ಟ್‌ಗೆ ಅಂತ ಹನ್ನೆರಡು ಚೂರು ತಂದಿದ್ದೇನೆ. ಒಂದೊಂದರ ಮೇಲೂ ಎಷ್ಟನೇ ಪದರದ್ದು ಅಂತ ಕಾಕಾನೇ ಮಾರ್ಕರ್‌ನಿಂದ ನಂಬರ್ ಬರೆದರು.